ಇಂಜಿನ್ ಗಾಡಿ ಬಿಟ್ಟು ಕರೆಂಟಿನ ಗಾಡಿ: ನಮ್ಮ ಬೆಳಗಾವಿ ಕಡೆ ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ಮೊದ್ಲ ನಾ ಯಾರು ಅಂತ ಹೇಳಿಬಿಡ್ತೀನಿ. ಬೆಳಗಾವಿಯ ಉದ್ಯಮಬಾಗ ಇಂಡಸ್ಟ್ರಿ ಏರಿಯಾದಾಗ ಮಷಿನ್ ಶಾಪಿನ್ಯಾಗ 18 ವರ್ಷದಿಂದ ಕೆಲಸ ಮಾಡಾಕತ್ತೀನಿ, ನಮ್ಮ ಜಾಬ್ ವರ್ಕ್ ಅರ್ಧಕ್ಕಿಂತ ಜಾಸ್ತಿ ಇಂಜಿನ್‌ದ್ದ, ಸಿಲಿಂಡರ್ ಹೆಡ್, ಫ್ಲೈವೀಲ್, ಹೌಸಿಂಗ್ ಇಂಥಾವು. ಎರಡು ವರ್ಷದ ಹಿಂದ ಮನಿಗೆ ತಗೊಂಡಿದ್ದು ಮಾತ್ರ ಎಲೆಕ್ಟ್ರಿಕ್ ಕಾರು. ಅಂದ್ರ ಹೊಟ್ಟಿ ತುಂಬಸೋದು ಇಂಜಿನ್, ದಿನಾ ಓಡಸೋದು ಮೋಟಾರ್. ಅದಕ್ಕ ಲಗ್ನದಾಗ, ಚಾದ ಅಂಗಡ್ಯಾಗ, ಫೋನಿನ್ಯಾಗ ಎಲ್ಲಾರೂ ನನಗ ಕೇಳ್ತಾರ. ಹೇಳಿ ಹೇಳಿ ಸಾಕಾತು ಅಂತಲ್ಲ, ಅವಸರದಾಗ ಅರ್ಧಂಬರ್ಧ ಹೇಳಿದ್ರ ಒಬ್ಬರ ಹತ್ತಹದಿನೈದ ಲಕ್ಷ ರೊಕ್ಕ ತಪ್ಪ ಜಾಗಾದಾಗ ಹೋಗ್ತೈತಿ, ಅದಕ್ಕ ಇಲ್ಲೆ ಕುಂತು ಬರದೇನಿ.

2030ಕ್ಕ ಪೆಟ್ರೋಲ್ ಗಾಡಿ ಬಂದ್ ಅಂತ ಹೌದೇನ್ರಿ?

ಇಲ್ರೀ. ನಮ್ಮ ದೇಶದಾಗ ಇಂಥಾ ತಾರೀಖಿಗೆ ಪೆಟ್ರೋಲ್ ಡೀಸೆಲ್ ಗಾಡಿ ಮಾರೋದು ಬಂದ್ ಅನ್ನೋ ಕಾನೂನು ಇಲ್ಲ. 2030ರೊಳಗ ಹೊಸಾ ಗಾಡಿಯೊಳಗ ನೂರಕ್ಕ 30 ಎಲೆಕ್ಟ್ರಿಕ್ ಆಗಬೇಕು ಅನ್ನೋದು ಗುರಿ, ಗುರಿ ಬ್ಯಾರೆ ಕಾನೂನು ಬ್ಯಾರೆ. 2024-25ರಾಗ ಮಾರಿದ ಕಾರಿನೊಳಗ ಎಲೆಕ್ಟ್ರಿಕ್ ನೂರಕ್ಕ ಎರಡೂವರಿ ಆಸುಪಾಸು, ಸ್ಕೂಟರ್ ಬೈಕಿನೊಳಗ ಆರರ ಆಸುಪಾಸು. ಈ ಲೆಕ್ಕ ನೋಡಿದ ಮ್ಯಾಲೆ "ಇನ್ನ ನಾಕ ವರ್ಷದಾಗ ನಿಮ್ಮ ಗಾಡಿ ಗುಜರಿ" ಅಂತ ಯಾರರ ಹೆದರಿಸಿದ್ರ ನಂಬಬ್ಯಾಡ್ರಿ.

ಯುರೋಪಿನ್ಯಾಗ 2035ಕ್ಕ ಹೊಸಾ ಕಾರಿನ ಹೊಗಿ ಪೂರಾ ಸೊನ್ನಿ ಆಗಬೇಕು ಅಂತ 2023ರಾಗ ಕಾಯ್ದೆ ಮಾಡಿದ್ರು, 2025ರ ಡಿಸೆಂಬರ್‌ದಾಗ ಅವರ ಕಮಿಷನ್ನ ಹೊಗಿ ಕಡಿತ ನೂರಕ್ಕ ನೂರರ ಬದ್ಲಿ ತೊಂಬತ್ತಕ್ಕ ಇಳಸೂಣು ಅಂತ ಪ್ರಸ್ತಾಪ ಇಟ್ಟೈತಿ. ಅದ ಟೈಮಿನ್ಯಾಗ ನಾರ್ವೆ ನೋಡ್ರಿ, 2024ರಾಗ ಅಲ್ಲಿ ಮಾರಿದ ಹೊಸಾ ಕಾರಿನೊಳಗ ಹತ್ತಕ್ಕ ಸುಮಾರು ಒಂಬತ್ತು ಬ್ಯಾಟರಿದು. ಆದ್ರ ಅದು ಸಣ್ಣ ದೇಶ, ರೊಕ್ಕ ಇದ್ದ ದೇಶ, ಕರೆಂಟ್ ಬಹುತೇಕ ನೀರಿಂದ ಮಾಡ್ತಾರ, ಪೆಟ್ರೋಲ್ ಕಾರಿಗೆ ಟ್ಯಾಕ್ಸ್ ಭಾಳ ಹಾಕ್ಯಾರ. ಅದನ್ನ ತಂದು ಇಂಡಿ ಸಿಂದಗಿಗೆ ಹಚ್ಚಾಕ ಆಗೂದಿಲ್ಲ.

ಕಂಪನಿಯವ್ರ "ಪೂರಾ ಎಲೆಕ್ಟ್ರಿಕ್" ಅಂದಿದ್ರಲ್ಲ, ಈಗ ಯಾಕ ಹಿಂದ ಸರ್ಯಾಕತ್ತಾರ?

ಇದ ನೋಡ್ರಿ ಎಲ್ಲಾರ ತಲ್ಯಾಗ ಗೊಂದಲ ಹಾಕಿದ ಪ್ರಶ್ನೆ. 2021ರಾಗ ಒಂದರ ಹಿಂದ ಒಂದು ಘೋಷಣಾ ಬಂದ್ವು. ವೋಲ್ವೋದವ್ರು 2030ಕ್ಕ ಬರೀ ಬ್ಯಾಟರಿ ಕಾರು ಅಂದ್ರು, ಜನರಲ್ ಮೋಟರ್ಸ್ 2035 ಅಂದ್ರು, ಮರ್ಸಿಡಿಸ್‌ದವ್ರು ಮಾರ್ಕೆಟ್ ಒಪ್ಪಿದ ಕಡೆ 2030 ಅಂದ್ರು. ಮುಂದ ಏನಾತು, 2024ರಾಗ ವೋಲ್ವೋದವ್ರು ಇಂಜಿನ್ ಮೋಟಾರ್ ಎರಡೂ ಇದ್ದ ಹೈಬ್ರಿಡ್ಡೂ ಇರ್ತಾವ ಅಂದ್ರು, ಮರ್ಸಿಡಿಸ್ ಗುರಿ ಇಳಿಸಿತು, ಫೋರ್ಡ್ 2025ರ ಕೊನಿಗೆ ತನ್ನ ದೊಡ್ಡ ಎಲೆಕ್ಟ್ರಿಕ್ ಪಿಕಪ್ ಬಂದ್ ಮಾಡಿ ಸುಮಾರು 1950 ಕೋಟಿ ಡಾಲರ್ ಹಾನಿ ಲೆಕ್ಕಕ್ಕ ಬರ್ಕೊಂತು. ಅಮೆರಿಕಾದಾಗ ಎಲೆಕ್ಟ್ರಿಕ್ ಕಾರು ತಗೊಂಡವ್ರಿಗೆ 7500 ಡಾಲರ್ ಟ್ಯಾಕ್ಸ್ ಬಿಡ್ತಿದ್ರು, ಅದು 2025ರ ಸೆಪ್ಟೆಂಬರ್ 30ಕ್ಕ ಮುಗೀತು, ಮುಗದಿದ್ದ ತಡ ಕಂಪನಿಗಳ ಲೆಕ್ಕಾನೂ ತಿರುವು ಮುರುವು.

ಇನ್ನೊಂದ ಕಡೆ ಚೀನಾದ ಬಿವೈಡಿ 2022ರ ಮಾರ್ಚ್‌ದಾಗನ ಬರೀ ಪೆಟ್ರೋಲಿನ ಕಾರು ಮಾಡೋದು ನಿಲ್ಲಿಸಿತು, 2024ರಾಗ ಬ್ಯಾಟರಿದು, ಪ್ಲಗ್ಗಿಗೆ ಹಚ್ಚಿ ಚಾರ್ಜ್ ಮಾಡೋ ಪ್ಲಗ್ ಇನ್ ಹೈಬ್ರಿಡ್ಡು ಕೂಡಿಸಿ 42 ಲಕ್ಷಕ್ಕೂ ಜಾಸ್ತಿ ಗಾಡಿ ಮಾರೈತಿ. ಹಂಗಾಗಿ "ಎಲೆಕ್ಟ್ರಿಕ್ ಮುಗೀತು" ಅನ್ನೋದೂ ಸುಳ್ಳ, "ಇಂಜಿನ್ ಮುಗೀತು" ಅನ್ನೋದೂ ಸುಳ್ಳ.

ನನಗ ತಿಳದಿದ್ದು ಹೇಳ್ತೀನಿ. ಕಂಪನಿ ನಡಿಯೋದು ಕಾಯ್ದೆ ಮ್ಯಾಲೆ ಮತ್ತ ಬ್ಯಾಟರಿ ರೇಟಿನ ಮ್ಯಾಲೆ. ನಮ್ಮಲ್ಲಿ ಕೆಫೆ ಅಂತ ಒಂದು ನಿಯಮ ಐತಿ, ಒಂದು ಕಂಪನಿ ವರ್ಷದಾಗ ಮಾರಿದ ಎಲ್ಲಾ ಕಾರಿನ ಸರಾಸರಿ ಇಂಗಾಲದ ಹೊಗಿ ಕಿಲೋಮೀಟರಿಗೆ 113 ಗ್ರಾಂ ಸುತ್ತ ಇರಬೇಕು. ದೊಡ್ಡ ದೊಡ್ಡ ಎಸ್‌ಯುವಿ ಮಾರೋ ಕಂಪನಿಗೆ ಆ ಸರಾಸರಿ ತರಾಕ ಒಂದಿಷ್ಟ ಎಲೆಕ್ಟ್ರಿಕ್ ಮಾರದ ಗತಿ ಇಲ್ಲ. 2027ರಿಂದ ಅದು ಇನ್ನೂ ಬಿಗಿ ಆಗೋದೈತಿ. ಹಂಗಾಗಿ ಕಂಪನಿ ಘೋಷಣಾ ನೋಡಿ ಗಾಡಿ ತಗೋಬ್ಯಾಡ್ರಿ, ಬಿಡಲೂ ಬ್ಯಾಡ್ರಿ. ನಿಮ್ಮ ದಿನದ ಓಡಾಟ ಎಷ್ಟು, ಗಾಡಿ ನಿಲ್ಲಸೋ ಜಾಗಾದಾಗ ನಿಮ್ಮದ ಪ್ಲಗ್ ಐತೋ ಇಲ್ಲೋ, ಇವೆರಡ ನೋಡ್ರಿ.

ಇದೇನು ಹೊಸಾ ಹುಚ್ಚೇನ್ರಿ, ನಾಕ ದಿನ ಇದ್ದು ಹೋಗ್ತೈತಿ?

ಹುಚ್ಚಂತೂ ಅಲ್ಲ. 1899ರಾಗ ಗಂಟೆಗೆ 100 ಕಿಲೋಮೀಟರ್ ದಾಟಿದ ಮೊದಲನೇ ಕಾರು ಎಲೆಕ್ಟ್ರಿಕ್ಕ. ನಮ್ಮ ಬೆಂಗಳೂರಾಗ 2001ರಾಗ ರೇವಾ ಬಂತು, ಸಣ್ಣ ಕಾರು, ಲೆಡ್ ಆಸಿಡ್ ಬ್ಯಾಟರಿ, ಭಾಳ ದೂರ ಹೋಗ್ತಿರ್ಲಿಲ್ಲ. ಆಗ ಸೋತಿದ್ದು ಮೋಟಾರ್ ಅಲ್ರೀ, ಬ್ಯಾಟರಿ. ಈಗ ಬದ್ಲಾಗಿದ್ದೂ ಅದ. 2010ರ ಸುತ್ತ ಒಂದು ಯೂನಿಟ್ ಕರೆಂಟ್ ಹಿಡಿಯೋ ಲಿಥಿಯಂ ಬ್ಯಾಟರಿಗೆ 1000 ಡಾಲರ್ ಮ್ಯಾಲಿತ್ತು, 2024ಕ್ಕ ಸುಮಾರು 115ಕ್ಕ ಬಂದೈತಿ.

ಅವರೇಜ್ ಎಷ್ಟ ಕೊಡ್ತೈತಿ? ಖರ್ಚು ಖರೇನ ಕಮ್ಮೀನ?

ನನ್ನ ಗಾಡಿ ಗೋಡಿ ಪ್ಲಗ್ಗಿನಿಂದ ತಗೊಂಡ ಒಂದು ಯೂನಿಟ್ಟಿಗೆ 6 ಕಿಲೋಮೀಟರ್ ಕೊಡ್ತೈತಿ. ತಿಂಗಳಿಗೆ 1000 ಕಿಲೋಮೀಟರ್ ಓಡಿದ್ರ 165 ಯೂನಿಟ್ ಸುತ್ತ, ಯೂನಿಟ್ಟಿಗೆ ಆರು ರೂಪಾಯಿ ಹಿಡದ್ರೂ ಸಾವಿರ ರೂಪಾಯಿ. ಅದ 1000 ಕಿಲೋಮೀಟರ್ 15ರ ಅವರೇಜ್ ಕೊಡೋ ಪೆಟ್ರೋಲ್ ಕಾರಿಗೆ 67 ಲೀಟರ್, ಲೀಟರಿಗೆ ನೂರು ಹಿಡದ್ರ 6700. ತಿಂಗಳಿಗೆ ಐದು ಸಾವಿರದ ಮ್ಯಾಲೆ ಉಳೀತೈತಿ. ಯಾಕ ಇಷ್ಟ ಫರಕು ಅಂದ್ರ ಇಂಜಿನ್ನಿಗೆ ನೂರು ರೂಪಾಯಿ ಪೆಟ್ರೋಲ್ ಹಾಕಿದ್ರ ಗಾಲಿಗೆ ಮುಟ್ಟೋದು 25-30 ರೂಪಾಯಿದ್ದಷ್ಟ, ಉಳದದ್ದು ರೇಡಿಯೇಟರ್ ಮತ್ತ ಸೈಲೆನ್ಸರ್‌ದಾಗ ಬಿಸಿ ಆಗಿ ಹೋಗ್ತೈತಿ. ಮೋಟಾರ್ 85ರ ಮ್ಯಾಲೆ ಮುಟ್ಟಸ್ತೈತಿ.

ಆದ್ರ ದಿನಾ ಹೊರಗಿನ ಫಾಸ್ಟ್ ಚಾರ್ಜರ್‌ದಾಗನ ಹಚ್ಚಾಂವ ಇದ್ರ ಯೂನಿಟ್ಟಿಗೆ 15ರಿಂದ 25 ತನಕಾ ಹೋಗ್ತೈತಿ, ಆಗ ಉಳಿಯೋದು ಅರ್ಧ. ತಿಂಗಳಿಗೆ 300-400 ಕಿಲೋಮೀಟರ್ ಅಷ್ಟ ಓಡಸೋ ಮನಿಯವ್ರಿಗೆ ನಾ ಬ್ಯಾಡ ಅಂತೀನಿ, ಮೊದ್ಲ ಜಾಸ್ತಿ ಕೊಟ್ಟ ರೊಕ್ಕ ತಿರುಗಿ ಬರಾಕ ಹತ್ತು ವರ್ಷ ಕಾಯಬೇಕು. ಜಿಎಸ್‌ಟಿ ಎಲೆಕ್ಟ್ರಿಕ್‌ಗೆ ನೂರಕ್ಕ 5 ಐತಿ ಖರೆ, ಆದ್ರ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿಂದೂ 28 ಇದ್ದದ್ದು 18ಕ್ಕ ಇಳದೈತಿ, ಹಂಗಾಗಿ ಹಳೇ ಲೆಕ್ಕದ ಚೀಟಿ ಇಟ್ಕೊಂಡು ಶೋರೂಮಿಗೆ ಹೋಗಬ್ಯಾಡ್ರಿ. ರಾಜ್ಯದ ರೋಡ್ ಟ್ಯಾಕ್ಸ್ ವಿನಾಯಿತಿನೂ ಆಗಾಗ ಬದ್ಲಾಗ್ತೈತಿ, 2024ರಾಗ 25 ಲಕ್ಷದ ಮ್ಯಾಲಿನ ಗಾಡಿಗೆ ತಗದ್ರು, ತಗೊಳ್ಳೂಮುಂದ ಆರ್‌ಟಿಓ ಆಫೀಸಿನ್ಯಾಗ ಕೇಳ್ರಿ.

ಗೃಹಜ್ಯೋತಿ ಐತಲ್ಲ, ಕಾರೂ ಪುಕ್ಕಟನ ಚಾರ್ಜ್ ಆಗ್ತೈತೇನು?

ನಮ್ಮ ಕಾಕಾ ಜಮಖಂಡಿಯಿಂದ ಫೋನ್ ಹಚ್ಚಿ ಮೊದ್ಲ ಕೇಳಿದ್ದ ಇದು. ಇಲ್ಲ. ಗೃಹಜ್ಯೋತ್ಯಾಗ ನಿಮ್ಮ ಮನಿಯ ಹಿಂದಿನ ಸರಾಸರಿ ಮ್ಯಾಲೆ ಒಂದು ಮಿತಿ ಹಾಕಿರ್ತಾರ, ಅದು ದಾಟಿದ್ದಕ್ಕ ರೊಕ್ಕ ತುಂಬಬೇಕು, 200 ಯೂನಿಟ್ ದಾಟಿದ್ರಂತೂ ಆ ತಿಂಗಳ ಪೂರಾ ಬಿಲ್ ನಿಮ್ಮದ. ಮನಿಗೆ 90 ಯೂನಿಟ್ ಬರ್ತಿತ್ತು ಅನ್ರಿ, ಕಾರಿಂದು 165 ಕೂಡಿದ್ರ 255. ಪುಕ್ಕಟ ಇದ್ದ 90ಕ್ಕೂ ರೊಕ್ಕ. ಇದನ್ನ ಶೋರೂಮಿನ್ಯಾಗ ಯಾರೂ ಹೇಳಂಗಿಲ್ಲ, ನನಗೂ ಹೇಳಿರ್ಲಿಲ್ಲ, ಮೊದಲನೇ ಬಿಲ್ ಬಂದಾಗ ಗೊತ್ತಾತು. ಗಾಡಿ ಚಾರ್ಜಿಂಗಿಗೆ ಬ್ಯಾರೆ ದರಪಟ್ಟಿ ಐತಿ, ಬ್ಯಾರೆ ಮೀಟರ್ ತಗೊಂಡ್ರ ಮನಿ ಲೆಕ್ಕ ಮನಿಗೆ, ಗಾಡಿ ಲೆಕ್ಕ ಗಾಡಿಗೆ. ಹೆಸ್ಕಾಂ ಸೆಕ್ಷನ್ ಆಫೀಸಿನ್ಯಾಗ ಕೇಳಿ ಅರ್ಜಿ ಹಾಕ್ರಿ.

ಹಳ್ಳ್ಯಾಗ ಲೈಟ್ ಇರೋದ ಅಷ್ಟಕ್ಕಷ್ಟ, ಚಾರ್ಜ್ ಹೆಂಗ ಮಾಡೋದು?

ನಿರಂತರ ಜ್ಯೋತಿ ಯೋಜನಾದಾಗ ಮನಿ ಲೈನು ಪಂಪ್‌ಸೆಟ್ ಲೈನು ಬ್ಯಾರೆ ಬ್ಯಾರೆ ಆದ ಊರಾಗ ಮನಿ ಲೈನಿಗೆ ಮೊದ್ಲಿನಷ್ಟು ತ್ರಾಸಿಲ್ಲ. ತೋಟದ ಮನ್ಯಾಗ ಇದ್ದವ್ರದ ಗೋಳು, ಪಂಪ್‌ಸೆಟ್ ಲೈನಿನ್ಯಾಗ ತ್ರೀ ಫೇಸ್ ದಿನಕ್ಕ ಏಳು ತಾಸು, ಅದೂ ಯಾವಾಗ ಬರ್ತೈತೋ ನೋಡಿ. ಅಂಥಾ ಕಡೆ ಕಾರು ಬ್ಯಾಡ ಅಂತ ಸೀದಾ ಹೇಳ್ತೀನಿ, ಸ್ಕೂಟರ್ ಆದ್ರ ನಡೀತೈತಿ, ಅದಕ್ಕ ಮೂರ-ನಾಕ ಯೂನಿಟ್ ಸಾಕು.

ಕರೆಂಟ್ ಇರೋದಕ್ಕಿಂತ ಮುಖ್ಯ ವೈರಿಂಗ್. 15 ಆಂಪಿಯರ್ ಪ್ಲಗ್ಗಿನಿಂದ ತಾಸಿಗೆ ಮೂರು ಯೂನಿಟ್ ಮ್ಯಾಲೆ ಎಳಿತೈತಿ, ಅದೂ ರಾತ್ರಿ ಪೂರಾ ಹತ್ತು ತಾಸು. ಗೀಸರ್ ಹತ್ತು ಮಿನಿಟಿಗೆ ಬಂದ್ ಆಗ್ತೈತಿ, ಇದು ಆಗೂದಿಲ್ಲ. ನಾನು ಶುರುವಿನ್ಯಾಗ ಹಳೇ ಪ್ಲಗ್ಗಿಗೇ ಹಚ್ಚಿದ್ದೆ, ಮೂರನೇ ವಾರ ನಸಿಕಿನ್ಯಾಗ ಸುಟ್ಟ ವಾಸನಿ ಬಂದು ಎದ್ದು ನೋಡಿದ್ರ ಪ್ಲಗ್ ಕರಗಿ ಅಂಟಿತ್ತು. ಮನ್ಯಾಗ ಹುಡುಗ್ರು ಮಲಗಿದ್ರು. ಅವತ್ತ ಮೀಟರ್ ಬೋರ್ಡಿಂದ ನೇರ 6 ಎಂಎಂ ವೈರ್ ಎಳಸಿ, ಬ್ಯಾರೆ ಎಂಸಿಬಿ, ಕರೆಂಟ್ ಸೋರಿದ್ರ ತಾನ ಬಂದ್ ಆಗೋ ಆರ್‌ಸಿಸಿಬಿ ಹಾಕಸಿ, ಅರ್ಥಿಂಗಿಗೆ ಹೊಸಾ ಗುಂಡಿ ತೋಡಿಸೀನಿ. ಎಕ್ಸ್‌ಟೆನ್ಶನ್ ಬೋರ್ಡ್ ಹಚ್ಚಿ ಕಾರು ಚಾರ್ಜ್ ಮಾಡಬ್ಯಾಡ್ರಿ. ಕೈ ಮುಗದು ಹೇಳ್ತೀನಿ, ಮಾಡಬ್ಯಾಡ್ರಿ.

ಬೆಂಗಳೂರಿಗೆ ಹೋಗಬಹುದೇನ್ರಿ?

ಹೋಗೇನಿ, ಮೂರು ಸಲ. 500 ಕಿಲೋಮೀಟರ್, ಎರಡು ಸಲ ನಿಲ್ಲಬೇಕು, ಊಟಕ್ಕ ಒಂದು ಚಾಕ್ಕ ಒಂದು ಅಂತ ಹಿಡಕೊಳ್ರಿ. ಹಾದಿ ಪೂರಾ ಚಾರ್ಜರ್ ಅದಾವ ಅಂತ ಆಪಿನ್ಯಾಗ ತೋರಸ್ತೈತಿ, ಆದ್ರ ಒಂದ ಸಲ ದಾವಣಗೆರಿ ದಾಟಿ ನಿಂತ್ರ ಚಾರ್ಜರ್ ಬಂದ್, ಬೋರ್ಡಿನ ಮ್ಯಾಲಿನ ನಂಬರಿಗೆ ಫೋನ್ ಹಚ್ಚಿದ್ರ ಯಾರೂ ಎತ್ತಲಿಲ್ಲ, ನೂರಕ್ಕ 14 ಉಳದಿತ್ತು, ಎಸಿ ಬಂದ್ ಮಾಡಿ ಲಾರಿ ಹಿಂದ ನಿಧಾನ ಹೋಗಿ ಚಿತ್ರದುರ್ಗ ಮುಟ್ಟಿದ್ವಿ. ಹೆಂಡತಿ ಇವತ್ತಿಗೂ ಅದನ್ನ ಮರೆತಿಲ್ಲ. ಅದಕ್ಕ 30ಕ್ಕ ಇಳಿಯೋದ್ರೊಳಗ ಹಚ್ಚಬೇಕು ಅನ್ನೋದು ನನ್ನ ನಿಯಮ. ಗೋವಾಕ್ಕ ಚೋರ್ಲಾ ಘಾಟ್ ಇಳಿಯೂಮುಂದ ಮಾತ್ರ ಭಾಳ ಚಂದ, ಬ್ರೇಕ್ ಮುಟ್ಟೋದ ಬ್ಯಾಡ, ಮೋಟಾರ್ ಉಲ್ಟಾ ಜನರೇಟರ್ ಆಗಿ ಬ್ಯಾಟರಿಗೆ ತುಂಬ್ತೈತಿ. ಏರೂಮುಂದ ಅದರ ದುಪ್ಪಟ್ಟು ತಿಂತೈತಿ ಅನ್ನೋದೂ ನೆನಪಿರ್ಲಿ.

ವಿಜಯಪುರದಿಂದ, ಬಾಗಲಕೋಟಿಯಿಂದ ಹೊಂಟವ್ರು ಹೊಸಪೇಟಿ ಹಾದಿಗೆ ಬಿದ್ರ ಇನ್ನೂ ಹುಷಾರಿ ಬೇಕು, ಪುಣೆ-ಬೆಂಗಳೂರು ಹೈವೇದಾಗ ಇದ್ದಷ್ಟು ಚಾರ್ಜರ್ ಆ ಕಡೆ ಇಲ್ಲ.

ವಿಜಯಪುರದ ಬಿಸಲಿಗೆ ಬ್ಯಾಟರಿ ತಡೀತೈತೇನು? ಬೆಂಕಿ ಹತ್ತಿದ್ರ?

ಏಪ್ರಿಲ್-ಮೇದಾಗ 42-43 ಡಿಗ್ರಿ ಅಂದ್ರ ಬ್ಯಾಟರಿಗೂ ತ್ರಾಸನ. ನೀರಿನ ಕೂಲಿಂಗ್ ಇದ್ದದ್ದ ತಗೊಳ್ರಿ, ಗಾಳಿ ಕೂಲಿಂಗ್‌ದ್ದು ನಮ್ಮ ಕಡೆ ಬ್ಯಾಡ. ಎಲ್‌ಎಫ್‌ಪಿ ಅನ್ನೋ ನಮೂನಿ ಬ್ಯಾಟರಿ ಬಿಸಿಗೆ ಜಾಸ್ತಿ ತಾಳ್ತೈತಿ, ತೂಕ ಸ್ವಲ್ಪ ಜಾಸ್ತಿ, ಬಾಳಿಕಿನೂ ಜಾಸ್ತಿ. ಬಿಸಲಾಗ ಓಡಿಸಿ ಬಂದ ತಕ್ಷಣ ಚಾರ್ಜಿಗೆ ಹಚ್ಚಬ್ಯಾಡ್ರಿ, ಒಂದು ತಾಸು ತಣ್ಣಗ ಆಗ್ಲಿ. ದಿನಾ ನೂರು ತುಂಬಬೇಕೋ ಎಂಬತ್ತು ಸಾಕೋ ಅನ್ನೋದು ಬ್ಯಾಟರಿ ನಮೂನಿ ಮ್ಯಾಲೆ, ಗಾಡಿ ಪುಸ್ತಕದಾಗ ಬರದಿರ್ತೈತಿ ಓದ್ರಿ. 2022ರ ಬ್ಯಾಸಗ್ಯಾಗ ಸ್ಕೂಟರ್ ಸುಟ್ಟಿದ್ದು ಎಲ್ಲಾರೂ ನೋಡೀರಿ, ಆಮ್ಯಾಲೆ ಸರ್ಕಾರ ಬ್ಯಾಟರಿ ಪರೀಕ್ಷೆ ನಿಯಮ ಬಿಗಿ ಮಾಡೈತಿ. ಆದ್ರೂ ಕಂಪನಿ ಚಾರ್ಜರ್ ಬಿಟ್ಟು ಕಮ್ಮಿ ರೇಟಿಂದು ಹಚ್ಚಿದ್ರ ಯಾವ ನಿಯಮಾನೂ ಕಾಯೂದಿಲ್ಲ.

ಬ್ಯಾಟರಿ ಗ್ಯಾರಂಟಿ ಸಾಮಾನ್ಯ ಎಂಟು ವರ್ಷ ಅಥವಾ 1 ಲಕ್ಷ 60 ಸಾವಿರ ಕಿಲೋಮೀಟರ್ ಇರ್ತೈತಿ. ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಬ್ಯಾಟರಿ ಆರೋಗ್ಯದ ರಿಪೋರ್ಟ್ ಇಲ್ದ ಅಡ್ವಾನ್ಸ್ ಕೊಡಬ್ಯಾಡ್ರಿ.

ಕೂಡಗಿ ಕಲ್ಲಿದ್ದಲ ಸುಟ್ಟು ಮಾಡಿದ ಕರೆಂಟ್ ಹಾಕಿ ಓಡಸ್ತೀರಿ, ಹೊಗಿ ಅಲ್ಲಿ ಬಿಡೋದು, ಏನ ಉಪಯೋಗ?

ಪ್ರಶ್ನೆ ಖರೇನ ಐತಿ, ಕೇಳಿದವ್ರು ಕೊಲ್ಹಾರ ಕಡೆಯವ್ರು, ಬೂದಿ ಅವರ ಹೊಲದ ಮ್ಯಾಲೆ ಬೀಳೋದು. ಕೂಡಗಿ ಎನ್‌ಟಿಪಿಸಿ 2400 ಮೆಗಾವ್ಯಾಟಿಂದು, ಕಲ್ಲಿದ್ದಲದ್ದ. ದೇಶದ ಕರೆಂಟಿನೊಳಗ ನೂರಕ್ಕ 70ರ ಸುತ್ತ ಇನ್ನೂ ಕಲ್ಲಿದ್ದಲ. ಹಂಗಿದ್ರೂ 2021ರಾಗ ಐಸಿಸಿಟಿ ಅನ್ನೋ ಸಂಸ್ಥೆ ಗಾಡಿ ಮತ್ತ ಬ್ಯಾಟರಿ ಮಾಡೂಮುಂದಿನ ಹೊಗಿನೂ ಹಿಡದು ಲೆಕ್ಕ ಹಾಕಿದಾಗ, ಭಾರತದಾಗ ಎಲೆಕ್ಟ್ರಿಕ್ ಕಾರಿನ ಹೊಗಿ ಪೆಟ್ರೋಲ್ ಕಾರಿಗಿಂತ ನೂರಕ್ಕ 19ರಿಂದ 34 ಕಮ್ಮಿ ಅಂತ ಬಂತು. ಯುರೋಪಿನ್ಯಾಗ 66ರ ಮ್ಯಾಲೆ. ಅಂದ್ರ ಲಾಭ ಐತಿ, ಆದ್ರ ಜಾಹಿರಾತಿನ್ಯಾಗ ಹೇಳಿದಷ್ಟಿಲ್ಲ. ಆಲಮಟ್ಟಿ ನೀರಿನ ಕರೆಂಟ್, ಗದಗ ಕಡೆ ಗಾಳಿ ಗಿರಣಿ, ಮಾಳಿಗಿ ಮ್ಯಾಲಿನ ಸೋಲಾರ್ ಜಾಸ್ತಿ ಆದಂಗ ಅದ ಗಾಡಿ ತಾನ ಇನ್ನೂ ಸ್ವಚ್ಛ ಆಗ್ತೈತಿ, ಪೆಟ್ರೋಲ್ ಗಾಡಿಗೆ ಆ ದಾರಿ ಇಲ್ಲ. ಪ್ಯಾಟಿಯೊಳಗ ಸಾಲಿ ಹುಡುಗ್ರ ಮುಖದ ಮುಂದ ಬಿಡೋ ಹೊಗಿ ನಿಲ್ಲೋದಂತೂ ಇವತ್ತ ನಿಲ್ತೈತಿ. ಕೂಡಗಿ ಸುತ್ತಿನ ಮಂದಿ ಬೂದಿ ತ್ರಾಸು ಮಾತ್ರ ಇದರಿಂದ ಕಮ್ಮಿ ಆಗೂದಿಲ್ಲ, ಅದಕ್ಕ ಅಲ್ಲೇ ಪರಿಹಾರ ಆಗಬೇಕು.

ಎಲ್ಲಾ ಎಲೆಕ್ಟ್ರಿಕ್ ಆದ್ರ ನಮ್ಮ ಕಬ್ಬಿನ ಎಥೆನಾಲ್ ಏನಾಗಬೇಕು?

ಬೆಳಗಾವಿ, ಬಾಗಲಕೋಟಿ, ವಿಜಯಪುರ, ನಮ್ಮ ಈ ಮೂರೂ ಜಿಲ್ಲಾದಾಗ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ, ಅದಕ್ಕ ಸ್ವಲ್ಪ ಉದ್ದ ಬರೀತೀನಿ. ಪೆಟ್ರೋಲಿನ್ಯಾಗ ನೂರಕ್ಕ 20 ಎಥೆನಾಲ್ ಕಲಸೋ ಗುರಿ 2030ಕ್ಕ ಇತ್ತು, ಅದನ್ನ ಮುಂದ ತಂದು 2025ರಾಗ ಮುಟ್ಟಿದ್ರು. ಅಥಣಿ, ರಾಯಬಾಗ, ಮುಧೋಳ, ಜಮಖಂಡಿ ಕಡೆ ಫ್ಯಾಕ್ಟರಿಗಳು ಡಿಸ್ಟಿಲರಿ ಕಟ್ಟಿದ್ದು ಇದರ ನಂಬಿಕಿ ಮ್ಯಾಲೆ. ಸಕ್ಕರಿ ರೇಟ್ ಬಿದ್ದಾಗ ಎಥೆನಾಲಿನ ರೊಕ್ಕ ಫ್ಯಾಕ್ಟರಿಗೆ ಲಗೂನ ಬರ್ತೈತಿ. ಆದ್ರ ಆ ರೊಕ್ಕ ರೈತನ ಕೈಗೆ ಲಗೂನ ಬರ್ತೈತೇನು? 2025ರ ನವೆಂಬರ್‌ದಾಗ ಗುರ್ಲಾಪುರ ಕ್ರಾಸಿನ್ಯಾಗ ಟನ್ ಕಬ್ಬಿಗೆ 3500 ರೂಪಾಯಿ ಕೇಳಿ ರೈತರು ದಿನಗಟ್ಲೆ ರೋಡಿಗೆ ಕುಂತಿದ್ದು ನೋಡೀರಿ, 3300ಕ್ಕ ಬಂದು ನಿಂತ್ತು.

ಗಾಡಿ ಓಡಸೋರ ಕಡೆಯಿಂದ ನೋಡಿದ್ರ ಎಥೆನಾಲಿನ್ಯಾಗ ಪೆಟ್ರೋಲಿಗಿಂತ ಮೂರರಾಗ ಒಂದು ಪಾಲು ಶಕ್ತಿ ಕಮ್ಮಿ, ಹಂಗಾಗಿ 20 ಕಲಸಿದ್ರ ಅವರೇಜ್ ಸ್ವಲ್ಪ ಬೀಳೋದು ಸಹಜ, ಹಳೇ ಗಾಡಿ ರಬ್ಬರ್ ಪೈಪ್, ಸೀಲ್ ಲಗೂ ಹೋಗ್ತಾವ. ನಮ್ಮ ಓಣಿ ಮಿಸ್ತ್ರಿ ವಾರಕ್ಕ ಎರಡು ಕಾರ್ಬುರೇಟರ್ ಬಿಚ್ಚಾಕತ್ತಾನ.

ನನ್ನ ಮಾತು ಇಷ್ಟ. ಇವತ್ತ ರೋಡಿನ ಮ್ಯಾಲಿದ್ದ ಕೋಟಿಗಟ್ಲೆ ಬೈಕ್ ಕಾರು ಇನ್ನ 15 ವರ್ಷ ಪೆಟ್ರೋಲ್ ಕುಡಿತಾವ, ಅಲ್ಲಿ ತನಕಾ ಎಥೆನಾಲಿಗೆ ಗಿರಾಕಿ ಅದಾವ. ಎಥೆನಾಲ್ ಎಲೆಕ್ಟ್ರಿಕ್‌ಗೆ ವೈರಿ ಅಲ್ಲ. ಆದ್ರ ಬರೀ ಎಥೆನಾಲ್ ನಂಬಿ ಇನ್ನಷ್ಟ ಎಕರೆ ಕಬ್ಬು ಹಚ್ಚೋದಕ್ಕ ನನ್ನ ಮನಸ್ಸ ಒಪ್ಪೂದಿಲ್ಲ, ಯಾಕಂದ್ರ ಕಬ್ಬು ಕುಡಿಯೋ ನೀರು ನಿಮಗ ಗೊತ್ತಿದ್ದದ್ದ, ಬ್ಯಾಸಗ್ಯಾಗ ಬೋರಿನ ಆಳನೂ ಗೊತ್ತಿದ್ದದ್ದ.

ಹೈಬ್ರಿಡ್ ಚಲೋ ಅಲ್ಲೇನ್ರಿ?

ಮನ್ಯಾಗ ಪ್ಲಗ್ ಇಲ್ದವ್ರಿಗೆ, ತಿಂಗಳಿಗೆ ನಾಕ ಸಲ ದೂರ ಹೋಗೋರಿಗೆ ಚಲೋ. ರೇಟ್ ಜಾಸ್ತಿ, ಇಂಜಿನ್ ಸರ್ವಿಸೂ ಬೇಕು.

ಟಂಟಂ, ಸ್ಕೂಟರ್ ಬಗ್ಗೆ ಏನಂತೀರಿ?

ಖರೇ ಬದಲಾವಣಿ ಕಾರಿನ್ಯಾಗಲ್ಲ, ಇಲ್ಲೆ ಆಗಾಕತ್ತೈತಿ. ಬಾಡಿಗಿ ಓಡಸಾಂವ ದಿನಕ್ಕ 80-100 ಕಿಲೋಮೀಟರ್ ಒಂದ ಊರಾಗ ತಿರುಗ್ತಾನ, ರಾತ್ರಿ ಮನಿಗೆ ಬರ್ತಾನ, ಅವಗ ಉಳಿಯೋ ಪ್ರತಿ ರೂಪಾಯಿ ಸಂಜಿಗೆ ಮನ್ಯಾಗ ಕಾಣ್ತೈತಿ. ಗೋಳಗುಮ್ಮಟದ ಮುಂದ ಟಾಂಗಾ ನಿಲ್ತಿದ್ದ ಜಾಗಾಕ್ಕ ಆಟೋ ಬಂದಂಗ, ಆಟೋದ ಜಾಗಾಕ್ಕ ಕರೆಂಟಿನ ಆಟೋ ಬರ್ತೈತಿ. ಟಾಂಗಾದವ್ರಿಗೆ ಆಗ ಯಾರೂ ಸಾಲಾ ಕೊಡಾಕ ಬಂದಿರ್ಲಿಲ್ಲ. ಈ ಸಲ ಬಡ್ಡಿ ಕಮ್ಮಿ ಸಾಲಾ ಮತ್ತ ಸ್ಟ್ಯಾಂಡಿನ್ಯಾಗ ಚಾರ್ಜರ್, ಎರಡೂ ಕೊಡಬೇಕು ಅಂತ ನಾ ಗಟ್ಟಿ ಹೇಳ್ತೀನಿ.

ನಿಮ್ಮ ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್ ಕತಿ ಏನು? ಗ್ಯಾರೇಜ್ ಹುಡುಗ್ರು?

ರಾತ್ರಿ ನನಗ ನಿದ್ದಿ ಕೆಡಸೋ ಪ್ರಶ್ನೆ ಇದು. ಉದ್ಯಮಬಾಗ, ಮಚ್ಛೆ, ಆಟೋನಗರ ಕೂಡಿಸಿ ಎಷ್ಟ ಮನಿ ಒಲಿ ಹತ್ತೋದು ಬೀಡು ಕಬ್ಬಿಣದ ಕಾಸ್ಟಿಂಗಿನ ಮ್ಯಾಲೆ. ಎಲೆಕ್ಟ್ರಿಕ್ ಗಾಡಿಗೆ ಬ್ಲಾಕ್ ಬ್ಯಾಡ, ಹೆಡ್ ಬ್ಯಾಡ, ಕ್ರ್ಯಾಂಕ್‌ಶಾಫ್ಟ್, ಕ್ಯಾಮ್, ಫ್ಲೈವೀಲ್, ಮ್ಯಾನಿಫೋಲ್ಡ್, ಕ್ಲಚ್ ಯಾವ್ದೂ ಬ್ಯಾಡ. ಮೋಟಾರ್ ಹೌಸಿಂಗ್ ಐತಲ್ಲ ಅಂತೀರಿ, ಅದು ಅಲ್ಯೂಮಿನಿಯಂ, ಪ್ರೆಶರ್ ಡೈ ಕಾಸ್ಟಿಂಗ್, ನಮ್ಮದು ಉಸುಕಿನ ಮೋಲ್ಡಿಂಗ್. ಮಷಿನ್ ಬ್ಯಾರೆ, ಒಲಿ ಬ್ಯಾರೆ, ಕೋಟಿಗಟ್ಲೆ ಬಂಡವಾಳ.

ಉಳಿಯೋದು ಏನಂದ್ರ ಬ್ರೇಕ್ ಡ್ರಮ್ಮು, ಡಿಸ್ಕು, ಹಬ್, ಸ್ಟೀರಿಂಗ್ ನಕಲ್, ಲಾರಿ ಆಕ್ಸೆಲ್, ಟ್ರ್ಯಾಕ್ಟರ್ ಕೆಲಸ, ಪಂಪು, ವಾಲ್ವು, ಹೈಡ್ರಾಲಿಕ್. ಟ್ರ್ಯಾಕ್ಟರ್ ಡೀಸೆಲ್ ಬಿಡೋದು ಲಗೂ ಆಗೂದಿಲ್ಲ, ಹೊಲದಾಗ ಎಂಟು ತಾಸು ನೇಗಿಲ ಎಳ್ಯಾಕ ಬೇಕಾಗೋ ಬ್ಯಾಟರಿ ತೂಕಾ ರೇಟಾ ಎರಡೂ ಇನ್ನೂ ಕೈಗೆ ಸಿಗೂದಿಲ್ಲ. ಹಂಗಾಗಿ ಬರೀ ಕಾರಿನ ಇಂಜಿನ್ ಕೆಲಸದ ಮ್ಯಾಲೆ ನಿಂತ ಶಾಪಿಗೆ ಪೆಟ್ಟು ಮೊದ್ಲ, ಟ್ರ್ಯಾಕ್ಟರ್ ಕೆಲಸದವ್ರಿಗೆ ಟೈಮ್ ಐತಿ.

ಗ್ಯಾರೇಜಿನವ್ರ ಕತಿ ಇನ್ನೂ ಕಠಿಣ. ಆಯಿಲ್ ಚೇಂಜ್, ಕ್ಲಚ್ ಪ್ಲೇಟ್, ಇಂಜೆಕ್ಟರ್, ಇವೇ ಅವರ ದಿನದ ರೊಕ್ಕ, ಇದರಾಗ ಅವಿಲ್ಲ. ಬ್ಯಾಟರಿ 300-400 ವೋಲ್ಟಿಂದು, ಕಲೀದ ಕೈ ಹಾಕಿದ್ರ ಜೀವಾನ ಹೋಗ್ತೈತಿ. ಐಟಿಐದಾಗ ಎಲೆಕ್ಟ್ರಿಕ್ ವೆಹಿಕಲ್ ಮೆಕ್ಯಾನಿಕ್ ಅಂತ ಟ್ರೇಡ್ ಬಂದೈತಿ, ಹತ್ತನೇತ್ತ ಮುಗಿಸಿದ ಹುಡುಗ್ರು ಸೇರ್ಕೋರಿ. ಆದ್ರ 40 ವರ್ಷದ ಮಿಸ್ತ್ರಿ ಅಂಗಡಿ ಬಂದ್ ಮಾಡಿ ವರ್ಷಗಟ್ಲೆ ಕ್ಲಾಸಿನ್ಯಾಗ ಕುಂದ್ರಾಕ ಆಗೂದಿಲ್ಲ, ಅಂಥವ್ರಿಗೆ ಸಂಜಿ ಹೊತ್ತಿಂದು, ಆಯಿತವಾರದ್ದು ಸಣ್ಣ ಕೋರ್ಸ್ ಬೇಕು. ನಮ್ಮ ಊರಾಗ ವಿಟಿಯು ಐತಿ, ಟೂಲ್ ರೂಮ್ ಐತಿ, ಇಂಜಿನಿಯರಿಂಗ್ ಕಾಲೇಜ್ ಅದಾವ, ಸಾಮಾನಿಗೆ ಕೊರತಿ ಇಲ್ಲ, ಮಿಸ್ತ್ರಿಗಳನ್ನ ಒಳಗ ಕರಿಯೋ ಮನಸ್ಸಿನ ಕೊರತಿ.

ನಮ್ಮ ಶಾಪಿನ್ಯಾಗ ಏನ ಮಾಡಾಕತ್ತೀವಿ ಅಂದ್ರ, ಹೋದ ವರ್ಷ ಒಬ್ಬ ಗಿರಾಕಿ ಮೋಟಾರಿನ ರೋಟರ್ ಶಾಫ್ಟ್ ಡ್ರಾಯಿಂಗ್ ಕಳಿಸಿದ್ರು. ಪೆಟ್ರೋಲ್ ಇಂಜಿನ್ ನಿಮಿಷಕ್ಕ ಆರ-ಏಳ ಸಾವಿರ ಸುತ್ತು ತಿರುಗಿದ್ರ ಈ ಮೋಟಾರ್ 12-16 ಸಾವಿರ ತಿರುಗ್ತಾವ, ಹಂಗಾಗಿ ಮೈಕ್ರಾನ್ ಲೆಕ್ಕ ಭಾಳ ಬಿಗಿ. ಗಿಯರಿನ ಕೆಲಸಾನೂ ಹಂಗ, ಇಂಜಿನ್ ಸಪ್ಪಳ ಇಲ್ಲ ಅಂದ ಮ್ಯಾಲೆ ಗಿಯರ್ ಸಪ್ಪಳ ಸೀದಾ ಕಿವಿಗೆ ಬರ್ತೈತಿ, ಗ್ರೈಂಡಿಂಗ್ ಮಾಡಿ ನುಣುಪ ತರಬೇಕು. ಮೊದಲನೇ 20 ಪೀಸಿನ್ಯಾಗ 13 ರಿಜೆಕ್ಟ್ ಆದ್ವು. ಎರಡನೇ ಲಾಟಿನ್ಯಾಗ 20ಕ್ಕ 4. ಇದ ಕೆಲಸಕ್ಕ ಅಂತ ಇಬ್ಬರು ಹುಡುಗ್ರನ್ನ ಗ್ರೈಂಡಿಂಗ್ ಮಷಿನ್ ಮ್ಯಾಲೆ ನಿಲ್ಲಿಸೀವಿ, ಇಬ್ಬರೂ ಹಿಂದ ಸಿಲಿಂಡರ್ ಹೆಡ್ ಲೈನಿನ್ಯಾಗ ಇದ್ದವ್ರ. ಶಾಫ್ಟ್ ತಿರುಗೂಮುಂದ ನಡಗದಂಗ ತೂಕ ಸರಿ ಮಾಡೋ ಬ್ಯಾಲೆನ್ಸಿಂಗ್ ಮಷಿನ್ ನಮ್ಮ ಹತ್ರ ಇಲ್ಲ, ಸದ್ಯಕ್ಕ ಶಾಫ್ಟ್ ಪುಣೆಗೆ ಕಳಿಸಿ ಮಾಡಸ್ತೀವಿ, ಮಷಿನ್ ತಗೋಳಾಕ ಬ್ಯಾಂಕಿಗೆ ಕಾಗದಾ ಕೊಟ್ಟೀವಿ.